ಸತ್ತವರನ್ನು ಬಲ್ಲ ಹುಡುಗ

ನಮ್ಮ ಅಂಗಡಿಗೆ ಯಾರೂ ನಗುನಗುತ್ತಾ ಬರುವುದಿಲ್ಲ. ಸತ್ತವರನ್ನು ತೊಳೆದು, ಒಳ್ಳೆಯ ಬಟ್ಟೆ ಹಾಕಿ, ತಲೆ ಬಾಚಿ, ಪೆಟ್ಟಿಗೆಯಲ್ಲಿ ಮಲಗಿಸಿ ಮನೆಯವರ ಕೈಗೆ ಒಪ್ಪಿಸುವುದು ನಮ್ಮ ಕಸುಬು. ನನ್ನ ಮಾವನ ಕಾಲದಿಂದ ನಡೆದುಕೊಂಡು ಬಂದದ್ದು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನಾನು ಊಟ ನಿದ್ದೆ ಬಿಟ್ಟು ಮೂಲೆ ಹಿಡಿದಿದ್ದೆ. ಆಮೇಲೆ ಹೊಟ್ಟೆ ಹಸಿಯಿತು, ಎದ್ದು ಕೆಲಸ ಕಲಿತೆ. ಈಗ ಮುಂದಿನ ಕೋಣೆಯಲ್ಲಿ ಕೂತು ಬಂದವರಿಗೆ ನೀರು ಕೊಡುವುದು, ಹಿಂದಿನ ಕೋಣೆಯಲ್ಲಿ ಕೆಲಸ ನೆಟ್ಟಗಾಗಿದೆಯೇ ಎಂದು ಮೂಗು ತೂರಿಸುವುದು, ಎರಡೂ ನನ್ನದೇ. ಪೆಟ್ಟಿಗೆ ಮಾಡುವುದು, ವ್ಯಾನು ಓಡಿಸುವುದು ನನ್ನ ಮಗನ ಪಾಲು. ಅವನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಪೆಟ್ಟಿಗೆಯಲ್ಲಿರುವವರ ಹತ್ತಿರ ಹರಟುವುದು ಸುಲಭ.

ಸೊಸೆ, ಮಗು ತೊಟ್ಟಿಲಲ್ಲಿದ್ದಾಗಲೇ, ಈ ಮನೆಯ ವಾಸನೆ ನನ್ನ ಕೈಲಾಗುವುದಿಲ್ಲ ಎಂದು ತವರಿಗೆ ಹೋದವಳು ಬೇರೆ ಸಂಸಾರ ಕಟ್ಟಿಕೊಂಡಳು. ಅವಳನ್ನು ನಾನು ಬೈಯುವುದಿಲ್ಲ. ಬೈದು ಬೈದು ಸಾಕಾಗಿದೆ.

ಆ ಮಗುವೇ ಗುಬ್ಬಿ. ಶಾಲೆಯಲ್ಲಿ ಅವನಿಗೆ ಏನೋ ದೊಡ್ಡ ಹೆಸರಿದೆ, ಮನೆಯಲ್ಲಿ ಮಾತ್ರ ಗುಬ್ಬಿ. ಗುಬ್ಬಿ ಎಂದು ಕೂಗಿದರೆ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳುತ್ತಾ ಆರಡಿ ಆಳು ಬಂದು ನಿಲ್ಲುತ್ತಾನೆ. ಹದಿನಾರು ತುಂಬಿತ್ತು. ಮೈ ಮುಂದೆ ಓಡಿಬಿಟ್ಟಿತ್ತು, ಬುದ್ಧಿ ಹಿಂದೆ ಏದುಸಿರು ಬಿಡುತ್ತಾ ಬರುತ್ತಿತ್ತು. ಹೆಣಗಳ ನಡುವೆ ಬೆಳೆದವನು ಜಿರಳೆ ಕಂಡರೆ ಕುರ್ಚಿ ಹತ್ತುತ್ತಿದ್ದ. ಮಲಗುವಾಗ ದೀಪ ಆರಿಸಲು ಬಿಡುತ್ತಿರಲಿಲ್ಲ. ಆದರೆ ಹಿಂದಿನ ಕೋಣೆಗೆ ಹೋಗಿ ತೋಳು ಮಡಚಿದನೆಂದರೆ ಅವನ ಕೈಗುಣವೇ ಬೇರೆ. ಅವನು ತಲೆ ಬಾಚಿದ ಮುದುಕಿಯರು ನೆಂಟರ ಮನೆಗೆ ಹೊರಟವರ ಹಾಗೆ ಕಾಣುತ್ತಿದ್ದರು.

ನಾನು ಅವನಿಗೆ ಕಲಿಸಿದ್ದು ಒಂದೇ ಕಟ್ಟುನಿಟ್ಟು: ಮನೆಯವರ ಮುಂದೆ ಅಳಬೇಡ. ಅವರ ದುಃಖ ಅವರದು, ಅದರಲ್ಲಿ ನಮಗೆ ಪಾಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಅವನದೇ ವಯಸ್ಸಿನ ಹುಡುಗಿಯನ್ನು ತಂದಾಗ ಬಿಕ್ಕಿದ್ದ. ನಾನು ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡು ಹೋಗಿ, ಅಳೋದಾದ್ರೆ ಇಲ್ಲಿ ನಲ್ಲಿ ಬಿಟ್ಕೊಂಡು ಅಳು ಎಂದೆ. ಆಮೇಲೆ ಅವನು ಯಾರ ಮುಂದೆಯೂ ಅತ್ತದ್ದನ್ನು ನಾನು ಕಾಣಲಿಲ್ಲ. ನಲ್ಲಿಯ ಸದ್ದು ಮಾತ್ರ ಆಗಾಗ ಕೇಳುತ್ತಿತ್ತು.

ಈಗ ನಡೆದದ್ದನ್ನು ಹೇಳುತ್ತೇನೆ, ಮುಚ್ಚುಮರೆ ಏನಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಒಂದು ಬೇಕರಿ ಇದೆ. ಬೇಕರಿಯಮ್ಮನ ಮಗನೂ ಗುಬ್ಬಿಯೂ ಒಂದೇ ತರಗತಿ. ಮೊದಲು ಒಂದೇ ಸೈಕಲ್ಲಿನಲ್ಲಿ ಓಡಾಡುತ್ತಿದ್ದವರು. ದೊಡ್ಡವರಾಗುತ್ತಾ ಬಂದ ಹಾಗೆ ಆ ಹುಡುಗನಿಗೆ ಹೊಸ ಗೆಳೆಯರು ಸಿಕ್ಕರು, ಆ ಗೆಳೆಯರ ಮುಂದೆ ನಗಿಸುವುದಕ್ಕೆ ಗುಬ್ಬಿ ಸಿಕ್ಕ. ಇವನು ಹತ್ತಿರ ಬಂದರೆ ಮೂಗು ಹಿಡಿಯುವುದು, ಇವನು ಮುಟ್ಟಿದ ಬೆಂಚು ಒರೆಸುವುದು. ಹುಡುಗಾಟ. ನಾನೂ ಹಾಗೆಂದೇ ಗುಬ್ಬಿಗೆ ಸಮಾಧಾನ ಹೇಳಿದ್ದೆ. ಒಂದು ಸಂಜೆ ಪಾಳುಬಿದ್ದ ಗೋಡೌನಿನ ಹಿಂದೆ ಇಬ್ಬರೇ ಎದುರಾಗಿದ್ದಾರೆ. ಗುಬ್ಬಿ ಎಷ್ಟೋ ದಿನ ಆದ ಮೇಲೆ ಹೇಳಿದ ಪ್ರಕಾರ, ಆ ಹುಡುಗ, ನಿಮ್ಮಮ್ಮ ನಿನ್ನ ವಾಸನೆ ತಾಳಲಾರದೆ ಓಡಿಹೋದಳು ಎಂದಿದ್ದಾನೆ. ಅಲ್ಲಿ ಬಿದ್ದಿದ್ದ ಕಬ್ಬಿಣದ ಪೈಪನ್ನು ಎತ್ತಿ ಗುಬ್ಬಿ ತಲೆಗೆ ಹೊಡೆದಿದ್ದಾನೆ. ಒಂದಲ್ಲ, ಎರಡು ಏಟು.

ರಾತ್ರಿ ಗಸ್ತಿನ ಕಾವಲುಗಾರ ಬ್ಯಾಟರಿ ಹಿಡಿದುಕೊಂಡು ಬಂದಾಗ ಕಂಡದ್ದು ಇಷ್ಟು. ಆ ಹುಡುಗ ಕೈಕಾಲು ನೆಟ್ಟಗೆ ಮಾಡಿ ಮಲಗಿದ್ದ, ಕಣ್ಣು ಮುಚ್ಚಿತ್ತು, ಮುಖ ತೊಳೆದು ಸ್ವಚ್ಛವಾಗಿತ್ತು, ಮೈಮೇಲೆ ಗುಬ್ಬಿಯ ಅಂಗಿ ಹೊದಿಸಿತ್ತು. ಗುಬ್ಬಿ ಬರಿಮೈಯಲ್ಲಿ ಪಕ್ಕದಲ್ಲಿ ಕೂತು ಅವನ ಗದ್ದದ ಕೆಳಗೆ ಕೈ ಇಟ್ಟುಕೊಂಡಿದ್ದ. ಓಡಲಿಲ್ಲ, ಕೂಗಲಿಲ್ಲ, ಅಳಲಿಲ್ಲ. ಪೊಲೀಸರು ಕೇಳಿದ್ದಕ್ಕೆ, ಹೌದು ನಾನೇ ಹೊಡೆದೆ ಎಂದ. ಆಮೇಲೆ ಬಾಯಿ ಹೊಲಿದುಕೊಂಡವನ ಹಾಗೆ ಕೂತುಬಿಟ್ಟ.

ಬೇಕರಿಯಮ್ಮನ ತಾಯಿಯನ್ನೂ ಅತ್ತೆಯನ್ನೂ ನಾನೇ ಈ ಕೈಯಾರೆ ಸಿದ್ಧ ಮಾಡಿ ಕಳಿಸಿದ್ದೆ. ಸತ್ತ ಮಗನನ್ನು ಅವಳು ಊರಿನ ಆ ತುದಿಯಲ್ಲಿರುವ, ನಮ್ಮದೇ ಕಸುಬಿನ ಇನ್ನೊಂದು ಅಂಗಡಿಗೆ ಕರೆದುಕೊಂಡು ಹೋದಳು. ಹೋಗಬೇಕಾದದ್ದೇ. ಆದರೂ ಬೇರೆಯವರ ವ್ಯಾನು ನಮ್ಮ ಬೀದಿಯಲ್ಲಿ ಬಂದು ತಿರುಗಿದ್ದನ್ನು ಕಿಟಕಿಯಿಂದ ನೋಡಿ ಕದ ಎಳೆದುಕೊಂಡೆ.

ನಮಗೆ ಸಿಕ್ಕಿದ ವಕೀಲಮ್ಮ ತೀರಾ ಚಿಕ್ಕವಳು. ಅವಳ ಕರಿಕೋಟು ಅವಳಿಗಿಂತ ದೊಡ್ಡದಾಗಿತ್ತು. ಇವಳೇನು ವಾದ ಮಾಡಿಯಾಳು, ಜೋರಾಗಿ ಸೀನಿದರೆ ಹಾರಿಹೋಗುತ್ತಾಳೆ ಎಂದುಕೊಂಡೆ. ಬಾಯಿ ತೆರೆದ ಮೇಲೆ ಆ ಮಾತನ್ನು ನುಂಗಿಕೊಂಡೆ.

"ಅಜ್ಜಿ, ಸ್ವಲ್ಪ ಗಮನ ಇಟ್ಟು ಕೇಳಿ. ಹದಿನೆಂಟು ತುಂಬದೋರ ಕೇಸನ್ನ ಮಕ್ಕಳ ಮಂಡಳೀನೇ ನೋಡುತ್ತೆ. ತಪ್ಪು ಮಾಡಿದಾನೆ ಅಂತಾದ್ರೆ ಕೆಲವು ವರ್ಷ ಬಾಲಗೃಹದಲ್ಲಿ ಇಡ್ತಾರೆ. ಓದಿಸ್ತಾರೆ, ತಿದ್ದುತಾರೆ, ವಾಪಸ್ ಕಳಿಸ್ತಾರೆ. ಆದ್ರೆ ಹದಿನಾರು ದಾಟಿದೋನು ಕೊಲೆಯಂಥದ್ದು ಮಾಡಿದ್ರೆ ದೊಡ್ಡೋನ ಥರ ವಿಚಾರಣೆ ಮಾಡ್ಬಹುದು ಅಂತ ಕಾನೂನಿದೆ."

"ಮಾಡಿದ್ರೆ ಏನಾಗುತ್ತೆ?"

"ದೊಡ್ಡೋರ ಕೋರ್ಟು, ದೊಡ್ಡೋರ ಜೈಲು. ಎಷ್ಟು ವರ್ಷ ಅಂತ ಹೇಳೋಕಾಗಲ್ಲ. ಅವನು ಹೊರಗೆ ಬರೋದನ್ನ ನೀವು ನೋಡ್ತೀರಾ ಅನ್ನೋದೇ ಅನುಮಾನ."

"ಹೊಡೆದದ್ದು ನಾನೇ ಅಂತ ಅವನೇ ಒಪ್ಕೊಂಡಿದಾನಲ್ಲಮ್ಮ. ಇನ್ನೇನು ಕೇಳ್ತಾರೆ?"

"ಈಗ ಕೇಳೋದು ಒಂದೇ ಪ್ರಶ್ನೆ. ಹೊಡೆಯೋವಾಗ ಇದರಿಂದ ಏನಾಗುತ್ತೆ ಅಂತ ದೊಡ್ಡೋರಿಗೆ ಗೊತ್ತಿರೋ ಹಾಗೆ ಇವನಿಗೂ ಗೊತ್ತಿತ್ತಾ ಅಂತ. ಇವನು ಒಂದು ಹನಿ ಕಣ್ಣೀರು ಹಾಕ್ತಿಲ್ಲ ಅಜ್ಜಿ. ಪರೀಕ್ಷೆ ಮಾಡಿದ ಡಾಕ್ಟರಿಗೂ ಹೌದು, ಇಲ್ಲ ಅಷ್ಟೇ. ಹುಡುಗ ಬಹಳ ನಿಧಾನಸ್ಥ, ಸ್ಥಿರಚಿತ್ತ ಅಂತ ಅವರು ಬರೆದಿದಾರೆ. ಬೇರೆ ಕಡೆ ಆಗಿದ್ರೆ ಅದು ಹೊಗಳಿಕೆ. ಇಲ್ಲಿ ಅದೇ ಕುತ್ತಿಗೆಗೆ ಬರುತ್ತೆ."

ಬಾಲಗೃಹದಲ್ಲಿ ಅವನನ್ನು ನೋಡಲು ಹೋದಾಗ ನನಗೆ ಎರಡು ಬಾರಿಸಬೇಕೆಂದೂ ಅನಿಸಿತು, ಮಡಿಲಿಗೆ ಎಳೆದುಕೊಳ್ಳಬೇಕೆಂದೂ ಅನಿಸಿತು. ನಡುವೆ ಮೇಜಿತ್ತು, ಎರಡೂ ಆಗಲಿಲ್ಲ. ಮಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಗುಬ್ಬಿ ನನ್ನನ್ನು ಕೇಳಿದ ಮೊದಲ ಮಾತು, "ಅಜ್ಜಿ, ಅವನನ್ನ ಯಾರು ರೆಡಿ ಮಾಡಿದ್ರು?"

ಆ ತುದಿಯ ಅಂಗಡಿಯವರು ಎಂದೆ.

"ಅವರಿಗೆ ಗೊತ್ತಿರಲ್ಲ ಅಜ್ಜಿ. ಅವನ ಹಣೆ ಹತ್ರ ಒಂದು ಸುಳಿ ಇದೆ. ಎಡಕ್ಕೆ ಬಾಚಿದ್ರೆ ಕೂದಲು ನಿಂತ್ಕೊಳುತ್ತೆ. ಬಲಕ್ಕೇ ಬಾಚ್ಬೇಕು."

ನನ್ನ ಮಗ ಎದ್ದು ಗೋಡೆಯ ಕಡೆ ತಿರುಗಿ ನಿಂತ. ನಾನು ಹಲ್ಲು ಕಚ್ಚಿಕೊಂಡು, "ಡಾಕ್ಟರ ಮುಂದೆ ಬಾಯಿ ಬಿಡೋದಕ್ಕೆ ಏನು ರೋಗ ನಿಂಗೆ? ವಕೀಲಮ್ಮ ಕೇಳಿದ್ರೂ ಹೇಳಲ್ವಂತೆ?" ಎಂದೆ.

"ನಾನು ಹೊಡೆದಿದೀನಲ್ಲ ಅಜ್ಜಿ. ಇನ್ನೇನು ಹೇಳ್ಲಿ?"

ಅವನನ್ನು ಮಗು ಎನ್ನಬೇಕೋ ದೊಡ್ಡವನೆನ್ನಬೇಕೋ ಎಂದು ಮಂಡಳಿ ವಿಚಾರಿಸುವ ದಿನ ನಾನು ಟ್ರಂಕಿನಲ್ಲಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟುಕೊಂಡು ಹೋದೆ. ಕೋರ್ಟೆಂದರೆ ಎತ್ತರದ ಕಟ್ಟೆ, ಸುತ್ತಿಗೆ ಎಂದುಕೊಂಡಿದ್ದೆ. ಅದೊಂದು ಸಾಧಾರಣ ಕೋಣೆ. ಉದ್ದನೆಯ ಮೇಜು, ಒಂದು ರೆಕ್ಕೆ ಮೋಟಾದ ಫ್ಯಾನು, ಗೋಡೆಗೆ ಮಕ್ಕಳು ಬಿಡಿಸಿದ ಬಣ್ಣದ ಚಿತ್ರಗಳು. ಮೇಜಿನ ತುದಿಯಲ್ಲಿ ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದ ಮ್ಯಾಜಿಸ್ಟ್ರೇಟರು. ಒಂದು ಪಕ್ಕ ನಾವು, ಇನ್ನೊಂದು ಪಕ್ಕ ಸರ್ಕಾರಿ ವಕೀಲ, ಅವನ ಹಿಂದೆ ಬೇಕರಿಯಮ್ಮ. ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ನಾನು ತಲೆ ತಗ್ಗಿಸಿದೆ. ಅವಳು ನನ್ನನ್ನು ನೋಡಲಿಲ್ಲ, ಗುಬ್ಬಿಯನ್ನೇ ನೆಟ್ಟ ಕಣ್ಣು ಕೀಳದೆ ನೋಡುತ್ತಿದ್ದಳು.

ಸರ್ಕಾರಿ ವಕೀಲ ಕಿರುಚುವವನಲ್ಲ. ಕಿರುಚಿದ್ದರೆ ನನಗೂ ಉತ್ತರ ಕೊಡಲು ಬರುತ್ತಿತ್ತು. ಅವನದು ಬೆಣ್ಣೆಯಂಥ ಮಾತು.

"ಸಾರ್, ಬೇರೆ ಹದಿನಾರರ ಹುಡುಗನಾಗಿದ್ರೆ ಸಾವು ಅಂದ್ರೇನು ಅಂತ ಇವನಿಗೆ ತಿಳಿಯದು ಅಂತ ನಾನೂ ಒಪ್ತಿದ್ದೆ. ಆದ್ರೆ ಈ ಹುಡುಗ ಸಾವಿನ ಮನೇಲೇ ಬೆಳೆದಿದಾನೆ. ಈ ಕೋಣೇಲಿರೋ ನಮ್ಮೆಲ್ಲರಿಗಿಂತ ಹೆಚ್ಚು ಸತ್ತೋರನ್ನ ನೋಡಿದಾನೆ. ಇವನಿಗೆ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತು? ಒಂದೇಟಿಗೆ ನಿಲ್ಲಿಸ್ಲಿಲ್ಲ. ಹೊಡೆದ ಮೇಲೆ ಯಾರನ್ನೂ ಕರೀಲಿಲ್ಲ. ರಕ್ತ ತೊಳೆದ. ತನ್ನ ಕಸುಬಿನ ಪ್ರಕಾರ ಹೆಣಾನ ಸಿದ್ಧ ಮಾಡ್ಕೊಂಡು ಕೂತ. ಇದು ಗಾಬರಿ ಬಿದ್ದ ಮಗು ಮಾಡೋ ಕೆಲಸಾನಾ?"

ಕೇಳುತ್ತಾ ಕೇಳುತ್ತಾ ನನಗೇ ಗುಬ್ಬಿಯ ಮೇಲೆ ಭಯ ಹುಟ್ಟಿತು. ಎತ್ತಿ ಆಡಿಸಿದ ಮೊಮ್ಮಗನ ಮೇಲೆ ಹಾಗೆ ಅನಿಸಬಾರದಿತ್ತು, ಅನಿಸಿತು. ಪಕ್ಕದಲ್ಲಿ ಅವನು ಕೈ ಕಟ್ಟಿಕೊಂಡು ನೆಟ್ಟಗೆ ನಿಂತಿದ್ದ. ಮನೆಯವರು ಪೆಟ್ಟಿಗೆಯ ಹತ್ತಿರ ಬಂದಾಗ ಹಾಗೆಯೇ ನಿಲ್ಲಬೇಕೆಂದು ಕಲಿಸಿದವಳು ನಾನೇ.

ಆಮೇಲೆ ವಕೀಲಮ್ಮ ನನ್ನನ್ನು ಎಬ್ಬಿಸಿದಳು. ಅವನು ಇನ್ನೂ ಮಗು ಎನ್ನುವುದನ್ನು ನಾನು ಹೇಳಬೇಕಿತ್ತು. ದೀಪದ ವಿಷಯ ಹೇಳಿದೆ, ಜಿರಳೆಯ ವಿಷಯ ಹೇಳಿದೆ, ಹಲ್ಲುನೋವು ಬಂದರೆ ನನ್ನ ಸೆರಗು ಹಿಡಿದುಕೊಂಡೇ ಡಾಕ್ಟರ ಹತ್ತಿರ ಬರುತ್ತಾನೆಂದು ಹೇಳಿದೆ. ಮ್ಯಾಜಿಸ್ಟ್ರೇಟರು ಮೂಗಿನ ಮೇಲಿನ ಕರವಸ್ತ್ರ ತೆಗೆಯದೆ ನಕ್ಕ ಹಾಗಾಯಿತು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಬೆಣ್ಣೆಮಾತಿನವನು ಎದ್ದ.

"ನಮಸ್ಕಾರ ಅಮ್ಮ. ನಿಮ್ಮ ಅಂಗಡಿ ಬಗ್ಗೆ ಬಹಳ ಒಳ್ಳೇದು ಕೇಳಿದೀನಿ. ನಮ್ಮ ತಾಯಿ ಹೋದಾಗ ನಮಗೆ ನಿಮ್ಮಂಥೋರು ಸಿಗ್ಲಿಲ್ಲ."

"ಅಯ್ಯೋ, ಎಷ್ಟು ದಿನ ಆಯ್ತಪ್ಪ?" ಎಂದೆ.

"ಆಯ್ತಮ್ಮ, ಬಹಳ ದಿನ ಆಯ್ತು. ಮೊಮ್ಮಗ ನಿಮ್ಮ ಕೆಲಸದಲ್ಲಿ ಸ್ವಲ್ಪ ಸಹಾಯ ಮಾಡ್ತಿದ್ದ, ಅಲ್ವಾ?"

"ಸ್ವಲ್ಪ ಏನು ಬಂತು ಸ್ವಾಮಿ, ಈಚೆಗೆ ಪೂರ್ತಿ ಅವನೇ."

"ಚಿಕ್ಕೋನು, ಕೈ ನಡುಗಲ್ವಾ?"

ಇಲ್ಲಿ ನಾನು ಎಚ್ಚರವಾಗಬೇಕಿತ್ತು. ಆದರೆ ಅಂಗಡಿಯಲ್ಲಿ ಕೂತು ಬಂದವರಿಗೆ ಧೈರ್ಯ ಹೇಳಿ ಹೇಳಿ ನನ್ನ ನಾಲಿಗೆಗೆ ಒಂದು ದಾರಿ ರೂಢಿಯಾಗಿಬಿಟ್ಟಿದೆ. ನಮ್ಮ ತಾಯಿಯನ್ನು ಯಾರ ಕೈಗೆ ಕೊಡ್ತೀರಿ ಎಂದು ಅವರು ಕೇಳಿದರೆ ಸಾಕು, ಅದು ತಾನಾಗಿ ಹೊರಡುತ್ತದೆ. ಅವತ್ತೂ ಹೊರಟಿತು.

"ನಡುಗೋದಾ? ಬಂಡೆ ಹಾಗೆ ನಿಂತಿರುತ್ತೆ ಸ್ವಾಮಿ ಅವನ ಕೈ. ನನ್ನ ಮಗನಿಗಿಂತ ಎಷ್ಟೋ ವಾಸಿ. ಅಪಘಾತದಲ್ಲಿ ಹೋದೋರನ್ನ ನೋಡಿದ್ರೆ ನನ್ನ ಮಗ ಈಗ್ಲೂ ಹೊರಗೆ ಹೋಗಿ ನಿಂತ್ಕೋತಾನೆ. ಗುಬ್ಬಿ ಹಾಗಲ್ಲ."

"ತಲೆಗೆ ಪೆಟ್ಟು ಬಿದ್ದೋರು ಬಂದ್ರೂ?"

"ಅವರನ್ನೂ ಅವನೇ ನೋಡ್ಕೋತಾನೆ. ಗಾಯ ಕಾಣದ ಹಾಗೆ ಮಾಡ್ತಾನೆ."

"ಅಂದ್ರೆ ದೊಡ್ಡೋರು ಮಾಡೋ ಕೆಲಸ, ದೊಡ್ಡೋರ ಹಾಗೇ ಮಾಡ್ತಾನೆ."

"ದೊಡ್ಡೋರಿಗಿಂತ ಚೆನ್ನಾಗಿ," ಎಂದೆ.

ವಕೀಲಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಸರ್ಕಾರಿ ವಕೀಲ ನನಗೆ ಕೈ ಮುಗಿದು ಕೂತ. ಆಗ ನನಗೆ ನಾನು ಬಿದ್ದ ಹಳ್ಳದ ಆಳ ತಿಳಿಯಿತು. ಮೊಮ್ಮಗನನ್ನು ಉಳಿಸಲು ಬಂದವಳು, ಗಿರಾಕಿಯ ಮುಂದೆ ಹೊಗಳಿದ ಹಾಗೆ ಹೊಗಳಿ ಅವನನ್ನು ಜೈಲಿನ ಬಾಗಿಲಿಗೆ ನಾನೇ ನೂಕಿದ್ದೆ.

"ಸ್ವಾಮಿ, ತಾಳಿ! ಅವನಿಗೆ ಇನ್ನೂ ಶೂ ಲೇಸು ಕಟ್ಟೋಕೆ ಬರಲ್ಲ!" ಎಂದು ಕೂಗಿದೆ. "ನಾನೇ ಕಟ್ಟೋದು! ಅವನ ಕೈಗೆ ಮಾತ್ರ ವಯಸ್ಸಾಗಿದೆ ಸ್ವಾಮಿ, ಅವನಿಗಾಗಿಲ್ಲ! ಈ ವಕೀಲಪ್ಪ ನನ್ನ ಬಾಯಿಗೆ ಬೆಲ್ಲ ಹಾಕಿ..."

"ಕೂತ್ಕೊಳ್ಳಿ ಅಮ್ಮ," ಎಂದರು ಮ್ಯಾಜಿಸ್ಟ್ರೇಟರು. ಸಿಟ್ಟಿನಿಂದಲ್ಲ. ಆ ಮೆತ್ತನೆಯ ದನಿಯೇ ನನ್ನನ್ನು ಹೆಚ್ಚು ಹೆದರಿಸಿತು. ಮಗ ನನ್ನ ಭುಜ ಹಿಡಿದು ಕೂರಿಸಿದ. ನನ್ನ ಗಂಡ ಸತ್ತಾಗಲೂ ನಾನು ಅಷ್ಟು ಅಸಹಾಯಕಳಾಗಿ ಕೂತಿರಲಿಲ್ಲ.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಗುಬ್ಬಿಯ ಕಡೆ ತಿರುಗಿದರು. "ನೋಡಪ್ಪ, ನೀನು ಉತ್ತರ ಕೊಡಲೇಬೇಕು ಅಂತೇನಿಲ್ಲ. ಆದ್ರೆ ಒಂದು ವಿಷಯ ನನಗೆ ತಿಳೀಬೇಕು. ಅವನ ಮುಖಕ್ಕೆ ನೀರು ಯಾಕೆ ಹಾಕಿದೆ?"

ವಕೀಲಮ್ಮ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದಳು. ಗುಬ್ಬಿ ಅವಳನ್ನು ನೋಡಲಿಲ್ಲ.

"ಎಬ್ಬಿಸೋಕೆ," ಎಂದ.

"ಏನು?"

"ಎಬ್ಬಿಸೋಕೆ ಸಾರ್. ಮೂರ್ಛೆ ಹೋಗಿದಾನೆ ಅಂದ್ಕೊಂಡೆ. ಬಾಟ್ಲಲ್ಲಿ ನೀರಿತ್ತು, ಎಲ್ಲಾ ಹಾಕ್ದೆ."

ಸರ್ಕಾರಿ ವಕೀಲ ಎದ್ದು ನಿಂತ. "ಅಷ್ಟೊಂದು ಸತ್ತೋರನ್ನ ನೋಡಿದೋನು ನೀನು. ಸತ್ತಿದಾನೆ ಅಂತ ನಿನಗೆ ಗೊತ್ತಾಗ್ಲಿಲ್ವಾ?"

"ಅವನು ಬೆಚ್ಚಗಿದ್ದ," ಎಂದ ಗುಬ್ಬಿ.

ಅವನೇ ಮುಂದುವರಿಸಿದ. ಹಾಗೆ ಅವನು ಒಂದೇ ಸಮನೆ ಮಾತಾಡಿದ್ದನ್ನು ನಾನು ಹಿಂದೆ ಕೇಳಿಯೇ ಇರಲಿಲ್ಲ.

"ನಮ್ಮಲ್ಲಿಗೆ ಬರೋರು ತಣ್ಣಗಿರ್ತಾರೆ ಸಾರ್. ಮುಟ್ಟಿದ ತಕ್ಷಣ ಗೊತ್ತಾಗುತ್ತೆ. ಬೆಚ್ಚಗಿರೋರನ್ನ ನಾನು ನೋಡೇ ಇಲ್ಲ. ನಮ್ಮ ಅಂಗಡಿಗೆ ಎಲ್ರೂ ಸತ್ತೇ ಬರ್ತಾರೆ, ಸಾಯೋದು ಬೇರೆಲ್ಲೋ ಆಗಿರುತ್ತೆ. ಮುದುಕರು ಸಾಯ್ತಾರೆ, ಕಾಯಿಲೆಯೋರು ಸಾಯ್ತಾರೆ, ಲಾರಿ ಕೆಳಗೆ ಬಿದ್ದೋರು ಸಾಯ್ತಾರೆ. ನಾನು ಹೊಡೆದ್ರೆ ಸಾಯ್ತಾನೆ ಅಂತ... ಅವನು ಅಮ್ಮನ್ನ ಅಂದ. ಅವನಿಗೆ ನೋವಾಗ್ಲಿ ಅಂತಿತ್ತು. ಬಹಳ ನೋವಾಗ್ಲಿ ಅಂತಿತ್ತು. ಅಳ್ಲಿ ಅಂತಿತ್ತು. ಆಮೇಲೆ ಎದ್ದು ಅವನೂ ನನಗೆ ಹೊಡೀತಾನೆ ಅಂದ್ಕೊಂಡಿದ್ದೆ. ಏಳೋ ಅಂದೆ. ಏಳಲಿಲ್ಲ. ಏಳ್ತಾನೆ ಅಂತ ಕಾದೆ. ಕೈ ಹಿಡ್ಕೊಂಡೇ ಇದ್ದೆ. ಸ್ವಲ್ಪ ಸ್ವಲ್ಪಾನೇ ತಣ್ಣಗಾಗ್ತಾ ಬಂತು. ಆಗ ಗೊತ್ತಾಯ್ತು."

"ಗೊತ್ತಾದ ಮೇಲೆ?" ಎಂದರು ಮ್ಯಾಜಿಸ್ಟ್ರೇಟರು.

"ಕಣ್ಣು ಮುಚ್ಚಿದೆ. ಕಾಲು ಮಡಚ್ಕೊಂಡಿತ್ತು, ನೆಟ್ಟಗೆ ಮಾಡ್ದೆ. ಬಾಯಿ ತೆರ್ಕೊಳ್ತಿತ್ತು, ಕೈ ಕೊಟ್ಟು ಕೂತೆ."

"ಯಾಕೆ?"

ಗುಬ್ಬಿ ಮೊದಲ ಬಾರಿಗೆ ಬೇಕರಿಯಮ್ಮನ ಕಡೆ ನೋಡಿದ. "ಅವರಮ್ಮ ಬರ್ತಾರಲ್ಲ ಸಾರ್. ಹಾಗೇ ನೋಡಿದ್ರೆ ಹೆದರ್ಕೋತಾರೆ."

ಅಷ್ಟು ಹೇಳಿ ಅವನ ಮುಖ ಮುದುಡಿತು. ನಲ್ಲಿಯೂ ಇರಲಿಲ್ಲ, ಹಿಂದಿನ ಕೋಣೆಯೂ ಇರಲಿಲ್ಲ. ಆರಡಿಯ ಹುಡುಗ ಎಲ್ಲರ ಮುಂದೆ ಬಾಯಿ ಬಿಟ್ಟು, ಮೂಗು ಸೋರಿಸಿಕೊಂಡು, ಎಳೆಮಗುವಿನ ಹಾಗೆ ಗಟ್ಟಿಯಾಗಿ ಅತ್ತ. ನನಗೆ ಎದೆ ಒಡೆದು ಹೋಯಿತು. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಅಳು, ಇನ್ನೂ ಜೋರಾಗಿ ಅಳು, ಅವರು ಬರೆದುಕೊಳ್ಳಲಿ ಎಂದೂ ಅನಿಸಿತು.

ಆಗ ಬೇಕರಿಯಮ್ಮ ಎದ್ದಳು. ಕುರ್ಚಿ ಹಿಂದಕ್ಕೆ ಉರುಳಿತು.

"ಬೆಚ್ಚಗಿದ್ದ ಅಂದ್ಯಲ್ಲ," ಎಂದಳು. "ಉಸಿರಿತ್ತಾ?"

ಮ್ಯಾಜಿಸ್ಟ್ರೇಟರು ಅವಳನ್ನು ತಡೆಯಲು ಕೈ ಎತ್ತಿ, ಹಾಗೆಯೇ ಇಳಿಸಿದರು.

"ಗೊತ್ತಿಲ್ಲ ಆಂಟಿ," ಎಂದ ಗುಬ್ಬಿ ಬಿಕ್ಕುತ್ತಾ. "ನೋಡೋಕೆ ಹೊಳೀಲಿಲ್ಲ. ಕೂಗ್ಬೇಕಿತ್ತು ನಾನು. ಯಾರನ್ನಾದ್ರೂ ಕೂಗ್ಬೇಕಿತ್ತು."

ಅವನನ್ನು ಮಗುವೆಂದು ತೋರಿಸಿಕೊಟ್ಟ ಮಾತೇ ಆ ತಾಯಿಯ ಹೊಟ್ಟೆಗೆ ಚೂರಿಯಾಯಿತು. ಅಲ್ಲಿಯವರೆಗೆ ಅವಳ ಪಾಲಿಗೆ ಮಗ ಏಟು ಬಿದ್ದ ಗಳಿಗೆಯಲ್ಲೇ ಹೋಗಿದ್ದ. ಈಗ ಅವಳಿಗೆ ಇನ್ನೊಂದು ಸಂಜೆ ಸಿಕ್ಕಿತು. ಅದರಲ್ಲಿ ಅವನು ಬೆಚ್ಚಗಿದ್ದ, ಯಾರೂ ಬರಲಿಲ್ಲ. ಸರ್ಕಾರಿ ವಕೀಲ ಕಾಗದ ತಿರುವಿ, ಏಟು ಬಿದ್ದು ಸ್ವಲ್ಪ ಹೊತ್ತಿನಲ್ಲೇ ಪ್ರಾಣ ಹೋಗಿರಬಹುದು ಎಂದು ಮರಣೋತ್ತರ ಪರೀಕ್ಷೆ ಮಾಡಿದವರು ಹೇಳಿದ್ದಾರೆಂದು ಓದಿದ. ಸ್ವಲ್ಪ ಹೊತ್ತು ಎಂದರೆ ಎಷ್ಟು ಹೊತ್ತು ಎಂದು ಅವಳು ಕೇಳಿದಳು. ಅವನು ಕಾಗದ ಮಡಚಿ ಫೈಲಿನೊಳಗೆ ಸೇರಿಸಿದ.

ತೀರ್ಮಾನ ಮುಂದಿನ ವಾರ ಬಂತು. ಮ್ಯಾಜಿಸ್ಟ್ರೇಟರ ನೆಗಡಿ ವಾಸಿಯಾಗಿತ್ತು. ಉದ್ದಕ್ಕೆ ಓದಿದರು. ನನಗೆ ಅರ್ಥವಾದದ್ದು ಇಷ್ಟು: ಹುಡುಗನಿಗೆ ಸತ್ತವರ ಪರಿಚಯವಿದೆ, ಆದರೆ ತನ್ನ ಕೈಯ ಏಟಿನಿಂದ ಒಬ್ಬ ಸಾಯಬಹುದೆಂಬ ದೊಡ್ಡವರ ತಿಳಿವಳಿಕೆ ಇತ್ತೆಂದು ಹೇಳಲಾಗದು, ಮಾಡಿದ್ದು ಘೋರ ತಪ್ಪು, ಅದಕ್ಕೆ ಅವನು ಉತ್ತರ ಹೇಳಲೇಬೇಕು, ಆದರೆ ಈ ಮಕ್ಕಳ ಮಂಡಳಿಯ ಮುಂದೆಯೇ ಹೇಳಲಿ. ವಕೀಲಮ್ಮ ನನ್ನ ಕೈ ಹಿಚುಕಿದಳು. ನನ್ನ ಮಗ, ಮಾತಿಲ್ಲದ ನನ್ನ ಮಗ, "ಅಮ್ಮಾ" ಎಂದ, ಅಷ್ಟೇ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಎದುರಿಗೆ ಬೇಕರಿಯಮ್ಮ ಕೂತಿದ್ದಾಳೆಂದು ನೆನಪಾಗಿ ಅಷ್ಟೇ ನಾಚಿಕೆಯೂ ಆಯಿತು.

ಹೊರಗೆ ಮೊಗಸಾಲೆಯಲ್ಲಿ ಅವಳು ನನಗಾಗಿ ಕಾಯುತ್ತಿದ್ದಳು. ಬೈಯಲಿ, ಉಗಿಯಲಿ, ಕಪಾಳಕ್ಕೆ ಬೇಕಾದರೆ ಹೊಡೆಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ ಎದುರು ನಿಂತೆ.

"ನೀವು ಇಷ್ಟು ಜನರನ್ನ ನೋಡಿದೀರಿ," ಎಂದಳು. "ನಿಜ ಹೇಳಿ. ಆಗ್ಲೇ ಕೂಗಿದ್ರೆ ನನ್ನ ಮಗ ಉಳೀತಿದ್ನಾ?"

ಇಂಥ ಪ್ರಶ್ನೆಗೆ ನಮ್ಮ ಕಸುಬಿನಲ್ಲಿ ಉತ್ತರ ಸದಾ ಸಿದ್ಧವಿರುತ್ತದೆ. ಇಲ್ಲಮ್ಮ, ಕ್ಷಣದಲ್ಲಿ ಹೋಗಿಬಿಟ್ಟ, ನೋವೇ ಆಗಿಲ್ಲ, ಮುಖ ನೋಡಿದರೆ ತಿಳಿಯುತ್ತದೆ. ಎಷ್ಟು ತಾಯಂದಿರಿಗೆ ಅದನ್ನು ಹೇಳಿ ನೀರಿನ ಲೋಟ ಕೈಗಿತ್ತಿದ್ದೇನೋ. ಅದು ತುಟಿಯವರೆಗೆ ಬಂತು. ಆದರೆ ಈ ಸುಳ್ಳಿನ ಲಾಭದಲ್ಲಿ ನನ್ನ ಮೊಮ್ಮಗನಿಗೂ ಒಂದು ಪಾಲಿತ್ತು. ಹೇಳಲು ನಾಲಿಗೆ ಏಳಲಿಲ್ಲ.

"ಗೊತ್ತಿಲ್ಲಮ್ಮ," ಎಂದೆ. "ಆ ದೇವರಾಣೆಗೂ ಗೊತ್ತಿಲ್ಲ."

ಅವಳು ತಲೆ ಆಡಿಸಿದಳು. "ಇಲ್ಲ ಅಂತೀರ ಅಂದ್ಕೊಂಡಿದ್ದೆ. ಅಂದಿದ್ರೆ ನಿಮ್ಮ ಮುಖ ಇನ್ನೊಂದ್ಸಲ ನೋಡ್ತಿರ್ಲಿಲ್ಲ." ಆಮೇಲೆ ತಡೆತಡೆದು ಹೇಳಿದಳು, "ನಿಮ್ಮ ಹುಡುಗನ್ನ ನಾನು ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ. ಅವನನ್ನ ನೋಡಿದ್ರೆ ನನಗೆ ಮೈಯೆಲ್ಲಾ ಉರಿಯುತ್ತೆ. ಆದ್ರೂ ಹೊರಗೆ ಬಂದ ಮೇಲೆ ಒಂದ್ಸಲ ನನ್ನ ಹತ್ರ ಕಳಿಸಿ. ಅಷ್ಟು ಹೊತ್ತೂ ನನ್ನ ಮಗ ಹೇಗಿದ್ದ ಅಂತ ನಾನು ಕೇಳ್ಬೇಕು. ಇವತ್ತು ಕೇಳೋ ಶಕ್ತಿ ನನಗಿಲ್ಲ. ಕೇಳೋಕೆ ಅವನನ್ನ ಬಿಟ್ರೆ ಬೇರೆ ಯಾರಿದಾರೆ ನನಗೆ?"

ಕಳಿಸುತ್ತೇನೆ ಎಂದೆ. ಅವಳು ಹೊರಟುಹೋದಳು, ಬೇಕರಿಯ ಏಪ್ರನ್ನಿನ ದಾರ ಇನ್ನೂ ಹಿಂದೆ ಜೋತಾಡುತ್ತಿತ್ತು. ಅಂಗಡಿಯಿಂದ ಹಾಗೆಯೇ ಎದ್ದು ಬಂದಿದ್ದಳೆಂದು ಕಾಣುತ್ತದೆ.

ಭಾನುವಾರ ಬಾಲಗೃಹದಲ್ಲಿ ಗುಬ್ಬಿಗೆ ಈ ಮಾತು ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ. ಅವನು ಸ್ವಲ್ಪ ತೆಳ್ಳಗಾಗಿದ್ದ. ಮೇಜಿನ ಆಚೆಯಿಂದ ತನ್ನ ಅಪ್ಪನ ಕೈ ಹಿಡಿದುಕೊಂಡು ಕೂತಿದ್ದ, ಮುಖದಲ್ಲಿ ಒಂದಿಷ್ಟು ಕಳೆ ಬಂದಿತ್ತು. ಹೇಳಿದೆ.

"ನಾನು ಹೊರಗೆ ಬರೋಕೆ ಇನ್ನೂ ಕೆಲವು ವರ್ಷ ಇದೆ ಅಲ್ವಾ ಅಜ್ಜಿ?"

"ಇದೆಯಪ್ಪ."

"ಅಲ್ಲೀವರೆಗೂ ಅವತ್ತಿಂದು ಒಂದನ್ನೂ ಮರೆಯೋ ಹಾಗಿಲ್ಲ."

ಎಲ್ಲಾ ಮರೆತುಬಿಡು ಕಂದ ಎಂದು ಹೇಳಲೆಂದೇ ಆ ಕ್ಷಣದವರೆಗೆ ನಾನು ಕಾದುಕೊಂಡಿದ್ದೆ. ಆ ಮಾತನ್ನು ನುಂಗಿಕೊಂಡೆ.

"ಹೂಂ," ಎಂದೆ. "ಒಂದನ್ನೂ ಮರೆಯೋ ಹಾಗಿಲ್ಲ."